ಅವ್ವನ ಬಾಣಲೆ, ನನ್ನ ಓವನ್ನು



“ಓವನ್‌ನಲ್ಲಿ ಆಲೂಗಡ್ಡೆ ಫಿಂಗರ್ ಚಿಪ್ಸ್ ಮಾಡಿದರೆ ಮೇಲೆ ಸೀಯುತ್ತದೆ, ಒಳಗೆ ಮೆತ್ತಗಾಗುತ್ತದೆ, ಮಕ್ಕಳು ಮುಟ್ಟುವುದಿಲ್ಲ. ಏನು ಮಾಡಲಿ?” ಎಂದು ಓದುಗರೊಬ್ಬರು ಕೇಳಿದ್ದಾರೆ. ಕೇಳಿದ್ದು ಒಳ್ಳೆಯದೇ ಆಯಿತು. ಈ ವಿಷಯದಲ್ಲಿ ನಾನೂ ಎರಡು ಸಲ ಸೋತವಳೇ. ಮೂರನೇ ಸಲ ಗೆಲ್ಲಿಸಿದವಳು ಓವನ್ ಅನ್ನು ಹತ್ತಿರದಿಂದ ಕಂಡೇ ಇರದ ನನ್ನ ಅವ್ವ. ಅದಕ್ಕೇ ಈ ಸಲ ಅಡಿಗೆಯ ಜೊತೆಗೆ ಮನೆಯ ಮಾತೂ ಸ್ವಲ್ಪ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಹೇಳಿ ಕೇಳಿ ನಮ್ಮದು ದಾವಣಗೆರೆ. ಬೆಳಿಗ್ಗೆ ಬೆಣ್ಣೆದೋಸೆ, ಸಂಜೆ ಮಂಡಕ್ಕಿ-ಮೆಣಸಿನಕಾಯಿ. ಸಂಜೆ ಐದಾಯಿತೆಂದರೆ ಬೀದಿ ಬೀದಿಯಲ್ಲೂ ಎಣ್ಣೆ ಕಾಯುವ ವಾಸನೆ. ನನ್ನ ತವರು ಹರಿಹರ, ಇಲ್ಲಿಂದ ಸುಮಾರು 14 ಕಿಲೋಮೀಟರು. ಅಲ್ಲೂ ಇದೇ ಕಥೆ. ನಾನು ಎಸ್.ಎಸ್.ಎಲ್.ಸಿ. ಮುಗಿಸಿದ ವರ್ಷ ಅಪ್ಪನ ಕೆಲಸ ಹೋಯಿತು. ಆಗ ಅವ್ವ ಯಾರ ಮುಂದೆಯೂ ಕೈ ಚಾಚಲಿಲ್ಲ. ಒಂದು ಬಾಣಲೆ, ಒಂದು ಜಾಲರಿ ಸೌಟು ಹಿಡಿದು ಮನೆ ಕಟ್ಟೆಯ ಮೇಲೆ ಮೆಣಸಿನಕಾಯಿ ಬಜ್ಜಿ ಹಾಕಲು ಕೂತಳು. ನನ್ನ ತಮ್ಮನ ಓದು, ನನ್ನ ಮದುವೆ ಎಲ್ಲ ಆ ಬಾಣಲೆಯಿಂದಲೇ ಆದದ್ದು.

ಈಗ ಅವ್ವನಿಗೆ ಅರವತ್ತೆಂಟು. ಅಪ್ಪ ಇಲ್ಲ. ಕೈ ನಡುಗುತ್ತದೆ. ವ್ಯಾಪಾರ ಬಿಟ್ಟು ಎಷ್ಟೋ ವರ್ಷವಾದರೂ ಮೊಮ್ಮಕ್ಕಳು ಬಂದರೆ ಬಾಣಲೆ ಇಡದೆ ಇರುವವಳಲ್ಲ. ಹೋದ ಶ್ರಾವಣದಲ್ಲಿ ನಾನು ಹೋದಾಗ ಎಡಗೈಯನ್ನು ಸೆರಗಿನೊಳಗೇ ಇಟ್ಟುಕೊಂಡು ಓಡಾಡುತ್ತಿದ್ದಳು. “ಏನವ್ವ ಅದು?” ಅಂದೆ. “ಕುಕ್ಕರಿನ ಆವಿ ತಾಗೇತಿ, ಬಿಡು” ಅಂದಳು. ಸೆರಗು ಸರಿಸಿ ನೋಡಿದರೆ ಮಣಿಕಟ್ಟಿನಿಂದ ಮೊಣಕೈವರೆಗೆ ಬೊಬ್ಬೆ. ಬಜ್ಜಿ ಜಾರಿ ಬಿದ್ದು ಎಣ್ಣೆ ಸಿಡಿದಿತ್ತು. ಅದರ ಮೇಲೆ ಟೂತ್‌ಪೇಸ್ಟ್ ಬೇರೆ ಬಳಿದುಕೊಂಡಿದ್ದಳು.

ಡಾಕ್ಟರು ಗಾಯ ತೊಳೆದು ಪಟ್ಟಿ ಕಟ್ಟಿದರು. ನಾನು ಸಿಟ್ಟಿನಲ್ಲಿ ಒಂದು ತಪ್ಪು ಮಾಡಿದೆ. ಅವ್ವನನ್ನು ಕೇಳದೆ ಬಾಣಲೆಯನ್ನು ಚೀಲಕ್ಕೆ ಹಾಕಿಕೊಂಡು ದಾವಣಗೆರೆಗೆ ಬಂದುಬಿಟ್ಟೆ. ಆಮೇಲೆ ಒಂದು ವಾರ ಫೋನ್ ಮಾಡಿದರೆ ಬರೀ “ಹ್ಞೂಂ”, “ಊಟ ಆತು”. ಅಷ್ಟೇ. ಅವಳ ಕೈ ಸುಟ್ಟದ್ದಕ್ಕಿಂತ ನಾನು ಮಾಡಿದ್ದೇ ಹೆಚ್ಚು ಉರಿಯಿತೆಂದು ನನಗೆ ತಡವಾಗಿ ತಿಳಿಯಿತು.

ಅವ್ವನನ್ನು ಮನೆಗೆ ಕರೆತಂದೆ. ಮಗನ ಕೇಕಿಗೆಂದು ಕೊಂಡು, ಆಮೇಲೆ ಬಟ್ಟೆ ಹೊದಿಸಿಟ್ಟಿದ್ದ ಓವನ್ ಹೊರಗೆ ಬಂತು. “ಎಣ್ಣೆಯಿಲ್ಲದೆ ಗರಿಗರಿ ಮಾಡಿ ತೋರಿಸ್ತೀನಿ” ಎಂದು ಜಂಬ ಕೊಚ್ಚಿ, ಹಸಿ ಆಲೂಗಡ್ಡೆ ಹೆಚ್ಚಿ ತಣ್ಣನೆಯ ಟ್ರೇಯಲ್ಲಿ ರಾಶಿ ಸುರಿದೆ. ಮೊದಲ ದಿನ ತೊಗಲಿನಂತೆ ಆಯಿತು. ಎರಡನೇ ದಿನ ತುದಿ ಕರಿಕಲು, ನಡುವೆ ಹಸಿ. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ವಾರದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. “ಲೇ, ಮಂಡಕ್ಕಿ ಭಟ್ಟ್ಯಾಗ ಉಸುಕು ಕಾಯೋ ಮುಂಚೆ ಅಕ್ಕಿ ಹಾಕ್ತಾರೇನ? ಹಸಿ ಅಕ್ಕಿ ಹಾಕಿದ್ರ ಅಳ್ಳತೈತೇನ?”

ನೋಡಿ, ಎಂಥ ಮಾತು! ನಮ್ಮೂರಿನ ಮಂಡಕ್ಕಿ ಭಟ್ಟಿಗಳಲ್ಲಿ ಎಣ್ಣೆ ಎಲ್ಲಿದೆ? ಕುಸುಬಲಕ್ಕಿಗೆ ಉಪ್ಪುನೀರು ಹಿಡಿಸಿ, ಒಣಗಿಸಿ, ಕಾದ ಉಸುಕಿನಲ್ಲಿ ಹುರಿದರೆ ಅಳ್ಳುತ್ತದೆ. ಮೊದಲು ಬೇಯಬೇಕು, ಆಮೇಲೆ ಆರಬೇಕು, ಕೊನೆಗೆ ಚೆನ್ನಾಗಿ ಕಾದ ಬಿಸಿಗೆ ಬೀಳಬೇಕು. ಓವನ್‌ನ ಗುಟ್ಟೂ ಇದೇ.

ಬೇಕಾಗುವ ಸಾಮಾನು (ನಾಲ್ಕು ಜನಕ್ಕೆ): ಆಲೂಗಡ್ಡೆ ಮುಕ್ಕಾಲು ಕಿಲೋ, ಶೇಂಗಾ ಎಣ್ಣೆ 2 ದೊಡ್ಡ ಚಮಚ, ಅಕ್ಕಿಹಿಟ್ಟು 1 ದೊಡ್ಡ ಚಮಚ, ಉಪ್ಪು, ಅರ್ಧ ನಿಂಬೆಹಣ್ಣು. ಮೇಲೆ ಉದುರಿಸಲು ಹುರಿಗಡಲೆ 2 ದೊಡ್ಡ ಚಮಚ, ಬ್ಯಾಡಗಿ ಮೆಣಸಿನಕಾಯಿ 3, ಬೆಳ್ಳುಳ್ಳಿ 4 ಎಸಳು, ಜೀರಿಗೆ ಅರ್ಧ ಚಮಚ.

ಮಾಡುವ ವಿಧಾನ: ಸಿಪ್ಪೆ ಒಣಗಿ ಗಟ್ಟಿಯಾದ, ಉದ್ದನೆಯ ಆಲೂಗಡ್ಡೆ ಆರಿಸಿ. ಹಾಸನದ ಕಡೆಯಿಂದ ಆಗಸ್ಟ್-ಸೆಪ್ಟೆಂಬರಿನಲ್ಲಿ ಬರುವ ಎಳೆಯ ಹೊಸ ಗಡ್ಡೆ ಪಲ್ಯಕ್ಕೆ ಚೆನ್ನ. ಅದರಲ್ಲಿ ನೀರು ಹೆಚ್ಚು, ಗರಿಗರಿಯಾಗುವುದು ಕಷ್ಟ. ಹಸಿರು ತಿರುಗಿದ ಗಡ್ಡೆಯಂತೂ ಬೇಡವೇ ಬೇಡ, ಅದು ಹೊಟ್ಟೆಗೆ ಕೇಡು. ಸಿಪ್ಪೆ ತೆಗೆದು ತೋರುಬೆರಳಿನ ದಪ್ಪಕ್ಕೆ, ಅಂದರೆ ಸುಮಾರು ಒಂದೂವರೆ ಸೆಂಟಿಮೀಟರ್, ಎಲ್ಲವನ್ನೂ ಒಂದೇ ಸಮ ಹೆಚ್ಚಿ. ಸಣ್ಣದು ದೊಡ್ಡದು ಆದರೆ ಸಣ್ಣದು ಸೀದು, ದೊಡ್ಡದು ಹಸಿ ಉಳಿಯುತ್ತದೆ.

ಹೆಚ್ಚಿದ್ದನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಸಿ, ಎರಡು ನೀರಿನಲ್ಲಿ ತೊಳೆಯಿರಿ. ಮೇಲಿನ ಗಂಜಿ ಹೋಗಿ ಒಂದಕ್ಕೊಂದು ಅಂಟುವುದಿಲ್ಲ. ಕುದಿಯುವ ನೀರಿಗೆ ಉಪ್ಪು, ನಿಂಬೆರಸ ಹಾಕಿ ಅದರಲ್ಲಿ 6-7 ನಿಮಿಷ ಬೇಯಿಸಿ. ಹುಳಿ ಬಿದ್ದರೆ ಹೋಳು ಒಡೆಯುವುದಿಲ್ಲ. ಚಾಕುವಿನ ತುದಿ ಇಳಿಯಬೇಕು, ಹೋಳು ಮುರಿಯಬಾರದು. ಬಸಿದು ತೆಳ್ಳನೆಯ ಬಟ್ಟೆಯ ಮೇಲೆ ಹರವಿ, ಹಬೆಯೆಲ್ಲ ಹೋಗಿ ಮೇಲ್ಮೈ ಒಣಗುವವರೆಗೆ ಬಿಡಿ. ಹತ್ತು ನಿಮಿಷ ಸಾಕು. ಈ ಹತ್ತು ನಿಮಿಷ ಉಳಿಸಲು ಹೋಗಿಯೇ ನಾವೆಲ್ಲ ಕೆಡಿಸುವುದು.

ಅಷ್ಟರಲ್ಲಿ ಓವನ್ನನ್ನು 220 ಡಿಗ್ರಿಗೆ, ಟ್ರೇ ಒಳಗಿಟ್ಟೇ, 15 ನಿಮಿಷ ಕಾಯಿಸಿ. ಹೋಳುಗಳಿಗೆ ಎಣ್ಣೆ, ಅಕ್ಕಿಹಿಟ್ಟು ಹಾಕಿ ಕೈಯಲ್ಲಿ ಮೆಲ್ಲಗೆ ಹೊರಳಿಸಿ. ಕಾದ ಟ್ರೇಯನ್ನು ದಪ್ಪ ಬಟ್ಟೆಯಿಂದ ಹಿಡಿದು ಹೊರತೆಗೆದು, ಒಂದಕ್ಕೊಂದು ತಾಗದಂತೆ ಒಂದೇ ಪದರವಾಗಿ ಜೋಡಿಸಿ. ಚುಂಯ್ ಎಂದರೆ ಸರಿ. ಒತ್ತಿ ತುಂಬಿದರೆ ಹಬೆಯಲ್ಲಿ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ಸಣ್ಣ ಓವನ್ನಾದರೆ ಎರಡು ಸಲ ಮಾಡಿ. 20 ನಿಮಿಷಕ್ಕೆ ಒಮ್ಮೆ ತಿರುವಿ, ಮತ್ತೆ 15-20 ನಿಮಿಷ ಬಿಡಿ. ಹೊಂಬಣ್ಣ ಬಂದಾಗ ತೆಗೆಯಿರಿ.

ಮೇಲಿನ ಪುಡಿ ಅವ್ವನದು, ಖಾರ ಮಂಡಕ್ಕಿಗೆ ಅವಳು ಹಾಕುತ್ತಿದ್ದ ಪುಡಿಯೇ. ಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಬೆಚ್ಚಗೆ ಹುರಿದು, ಹುರಿಗಡಲೆ, ಉಪ್ಪು ಸೇರಿಸಿ ತರಿತರಿಯಾಗಿ ಪುಡಿ ಮಾಡಿ. ಇದನ್ನು ಓವನ್‌ನಿಂದ ತೆಗೆದ ಮೇಲೆಯೇ ಉದುರಿಸಬೇಕು. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

ನೆನಪಿಡಿ:

ಹಸಿ ಆಲೂಗಡ್ಡೆ ಫ್ರಿಜ್ಜಿನಲ್ಲಿಡಬೇಡಿ. ತಂಪಿನಲ್ಲಿ ಅದರ ಪಿಷ್ಟ ಸಕ್ಕರೆಯಾಗುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಕಪ್ಪಾಗುತ್ತದೆ. ಕಪ್ಪಾದದ್ದನ್ನು ತಿನ್ನಲೂಬೇಡಿ. ಹೀಗೆ ಹೆಚ್ಚು ಬಿಸಿಗೆ ಕರಿದ, ಹುರಿದ ಆಲೂಗಡ್ಡೆಯಲ್ಲಿ ಅಕ್ರಿಲಮೈಡ್ ಎಂಬ ಕೆಟ್ಟ ಅಂಶ ಹುಟ್ಟುತ್ತದೆಂದು 2002ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಹೇಳಿದರು. ಬಣ್ಣ ಗಾಢವಾದಷ್ಟೂ ಅದು ಹೆಚ್ಚು.

ಮೈಕ್ರೋವೇವ್ ಇದ್ದವರು ಕನ್ವೆಕ್ಷನ್‌ನಲ್ಲೇ ಮಾಡಿ, ಬರೀ ಮೈಕ್ರೋದಲ್ಲಿ ಮೆತ್ತಗಾಗುತ್ತದೆ. ಓವನ್ ಇಲ್ಲದವರು ಬೇಯಿಸಿ ಆರಿಸಿದ ಹೋಳುಗಳನ್ನು ದೋಸೆ ಹಂಚಿನ ಮೇಲೆ, ಮುಚ್ಚಳ ಹಾಕದೆ, ಸಣ್ಣ ಉರಿಯಲ್ಲಿ ತಿರುವುತ್ತಾ ಹುರಿಯಬಹುದು.

ಎಣ್ಣೆ ಕಡಿಮೆಯೆಂದು ಸಕ್ಕರೆ ಕಾಯಿಲೆಯವರು ತಟ್ಟೆ ತುಂಬ ಹಾಕಿಕೊಳ್ಳಬಾರದು. ಆಲೂಗಡ್ಡೆ ಆಲೂಗಡ್ಡೆಯೇ.

ಎಣ್ಣೆ ಸಿಡಿದು ಸುಟ್ಟರೆ ಕೂಡಲೇ ಬಳೆ, ಉಂಗುರ ತೆಗೆದು, ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಟೂತ್‌ಪೇಸ್ಟ್, ಅರಿಶಿನ, ಐಸ್ ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ, ದೊಡ್ಡದಾದರೆ ಡಾಕ್ಟರಿಗೆ ತೋರಿಸಿ. ಬಾಣಲೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬೇಡಿ, ಗ್ಯಾಸ್ ಆರಿಸಿ ಮುಚ್ಚಳ ಮುಚ್ಚಿ.

ಮೂರನೇ ದಿನದ ತಟ್ಟೆಯನ್ನು ಅವ್ವನ ಮುಂದಿಟ್ಟೆ. ಒಂದು ಮುರಿದಳು, ಸದ್ದು ಕೇಳಿದಳು, ತಿಂದಳು. “ಚಲೋ ಆಗೈತಿ. ಆದ್ರ ಮೆಣಸಿನಕಾಯಿ ಅಲ್ಲ ಬಿಡು” ಅಂದಳು. ನಿಜವೇ. ಓವನ್‌ನದಕ್ಕೆ ಓವನ್‌ನ ರುಚಿ, ಬಾಣಲೆಯದಕ್ಕೆ ಬಾಣಲೆಯದು. ಒಂದನ್ನು ಇನ್ನೊಂದೆಂದು ನಂಬಿಸಲು ಹೋಗಬಾರದು.

“ತಪ್ಪಾಯ್ತವ್ವ, ನಿನ್ನ ಕೇಳದೆ ತಂದೆ” ಅಂದೆ. “ಅದು ಬರೀ ಕಬ್ಬಿಣ ಅಲ್ಲ ಮಗಳ” ಅಂದಳು, ಅಷ್ಟೇ.

ಮುಂದಿನ ಭಾನುವಾರ ಬಾಣಲೆಯನ್ನು ಹರಿಹರಕ್ಕೆ ನಾನೇ ಒಯ್ದು ಅವಳ ಗೋಡೆಯ ಮೊಳೆಗೆ ತೂಗುಹಾಕಿದೆ. ಒಪ್ಪಂದವೂ ಆಯಿತು. ನಾನೋ ತಮ್ಮನೋ ಪಕ್ಕದಲ್ಲಿದ್ದ ದಿನ ಮಾತ್ರ ಬಾಣಲೆ ಒಲೆಗೇರುತ್ತದೆ. ಹಿಟ್ಟು ಕಲೆಸುವುದು, ಹದ ಹೇಳುವುದು ಅವಳ ಕೆಲಸ. ಎಣ್ಣೆಗೆ ಬಿಡುವುದು, ತೆಗೆಯುವುದು ನಮ್ಮದು. ಮಿಕ್ಕ ದಿನ ಮೊಮ್ಮಗ ಕೇಳಿದರೆ ಓವನ್.

ನಿಮ್ಮ ಮನೆಯಲ್ಲೂ ಕೈ ನಡುಗುವ ಹಿರಿಯರಿದ್ದರೆ ಬಾಣಲೆ ಕಿತ್ತುಕೊಳ್ಳುವ ಮೊದಲು ಪಕ್ಕದಲ್ಲಿ ಕೂತು ಒಂದು ಮಾತು ಕೇಳಿ. ನಾನು ಕೇಳಿರಲಿಲ್ಲ.