ವಾಚನಾಲಯಕ್ಕೆ ಬೀಗ ಬೇಡ

ನಮ್ಮ ಸಂಘದ ವಾಚನಾಲಯವನ್ನು ಮುಚ್ಚಿ ಆ ಕೋಣೆಯನ್ನು ಬಾಡಿಗೆಗೆ ಕೊಡಬೇಕೆಂಬ ಸೂಚನೆಯೊಂದು ಬರಲಿರುವ ಮಹಾಸಭೆಯ ಮುಂದಿದೆ. ಸೂಚಿಸಿದವರು ಸಂಘದ ಹಿತೈಷಿಗಳೇ. ಅವರ ಉದ್ದೇಶದಲ್ಲಿ ನಮಗೆ ಸಂಶಯವಿಲ್ಲ. ಕಾಲೇಜಿಗೆ ಹೋಗುವ ನಮ್ಮ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ಪುಸ್ತಕಗಳೆಲ್ಲ ಅದರಲ್ಲೇ ಇವೆ, ಇನ್ನು ಈ ಕಪಾಟುಗಳೇಕೆ ಎಂಬುದು ಅವರ ವಾದ. ಇದನ್ನು ನಾವು ಒಪ್ಪಲಾರೆವು.

ಮೊಬೈಲಿನಿಂದ ಉಪಕಾರವಾಗಿಲ್ಲವೆಂದು ಯಾರೂ ಹೇಳುವಂತಿಲ್ಲ. ಖರಗ್‌ಪುರದ ಐ.ಐ.ಟಿ. ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವಿದೆ. 2017ರಲ್ಲಿ ಆರಂಭವಾದ ‘ಸ್ವಯಂ’ ಪಾಠಗಳಿವೆ. ಪಾಠ ಕೇಳಲು ಕಾಸು ಕೊಡಬೇಕಾಗಿಲ್ಲ. ಹಗಲೆಲ್ಲ ಹೋಟೆಲಿನ ಗಲ್ಲೆಯ ಮೇಲೆ ಕೂತು ಸಂಜೆ ಕಾಲೇಜಿಗೆ ಓಡುವ ಹುಡುಗ, ತಪ್ಪಿದ ಪಾಠವನ್ನು ರಾತ್ರಿ ಕೇಳಿಕೊಳ್ಳಬಹುದು. ರಾತ್ರಿಶಾಲೆಯಲ್ಲಿ ಓದಿದ ನಮ್ಮ ಹಿರಿಯರಿಗೆ ಈ ಭಾಗ್ಯವಿರಲಿಲ್ಲ. ಅವರಿಗೆ ತಪ್ಪಿದ ಪಾಠ ತಪ್ಪಿದಂತೆಯೇ.

ಆದರೆ ಪಾಠ ಕೇಳುವುದು ಬೇರೆ, ಕೂತು ಓದಿ ಅರಗಿಸಿಕೊಳ್ಳುವುದು ಬೇರೆ. 2018ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯು 54 ಅಧ್ಯಯನಗಳನ್ನು, ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಓದುಗರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿತು. ಕಥೆ ಓದುವುದಾದರೆ ಕಾಗದವಾಗಲಿ ಪರದೆಯಾಗಲಿ ಹೆಚ್ಚಿನ ವ್ಯತ್ಯಾಸವಿಲ್ಲ. ವಿಷಯ ತಿಳಿಯುವ ಓದಿನಲ್ಲಿ, ಅದೂ ಗಡಿಯಾರ ನೋಡುತ್ತ ಓದಬೇಕಾದಾಗ, ಕಾಗದದ ಮೇಲೆ ಓದಿದವರಿಗೇ ಹೆಚ್ಚು ಅರ್ಥವಾಗಿತ್ತು. ನಮ್ಮ ಮಕ್ಕಳ ಓದೆಲ್ಲ ಗಡಿಯಾರದ ಓದೇ ಅಲ್ಲವೇ? ಅದೇ ವರ್ಷ ಪ್ರಕಟವಾದ ಮತ್ತೊಂದು ಸಮೀಕ್ಷೆಯಲ್ಲಿ 21 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳನ್ನು ಕೇಳಿದಾಗ, ಪಾಠದ ಓದಿಗೆ ಅಚ್ಚಿನ ಹಾಳೆಯೇ ಬೇಕೆಂದವರೇ ಬಹುಮಂದಿ. ಇವರು ಮುದುಕರಲ್ಲ, ಇಂದಿನ ಯುವಕ ಯುವತಿಯರು!

ಪುಸ್ತಕದ ಬೆಲೆ ಕೈಗೆಟುಕದು ಎಂಬುದು ನಿಜ. ಅದಕ್ಕಾಗಿಯೇ ದೆಹಲಿ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಅಲ್ಲಿನ ಒಂದು ಜೆರಾಕ್ಸ್ ಅಂಗಡಿಯಿಂದ ಬೇಕಾದ ಅಧ್ಯಾಯಗಳನ್ನಷ್ಟೇ ಪ್ರತಿ ಮಾಡಿಸಿಕೊಳ್ಳುತ್ತಿದ್ದರು. ಮೂವರು ದೊಡ್ಡ ಪ್ರಕಾಶಕರು 2012ರಲ್ಲಿ ದಾವೆ ಹೂಡಿದರು. ಪಾಠಕ್ಕೆ ಅಗತ್ಯವಾದಷ್ಟು ಭಾಗದ ಪ್ರತಿ ತೆಗೆಯಲು 1957ರ ಹಕ್ಕುಸ್ವಾಮ್ಯ ಕಾಯಿದೆಯಲ್ಲೇ ಅವಕಾಶವಿದೆಯೆಂದು ದೆಹಲಿ ಹೈಕೋರ್ಟು 2016ರಲ್ಲಿ ಹೇಳಿತು. ಮರುವರ್ಷ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು. ಜೆರಾಕ್ಸ್ ಹಾಳೆಗಾಗಿ ವಿದ್ಯಾರ್ಥಿಗಳೂ ಅಧ್ಯಾಪಕರೂ ನ್ಯಾಯಾಲಯದವರೆಗೆ ಹೋದರೆಂಬುದನ್ನು, ಮೊಬೈಲೇ ಸಾಕೆನ್ನುವ ನಮ್ಮ ಮಿತ್ರರು ಗಮನಿಸಬೇಕು.

ಇನ್ನೊಂದು ಮಾತು. ವಿದ್ವತ್ ಪತ್ರಿಕೆಗಳನ್ನು ಒದಗಿಸಲು ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸಂತೋಷ. ಆದರೆ ಅದನ್ನು ರೂಪಿಸಿದ್ದು ಸರ್ಕಾರ ನಡೆಸುವ ವಿದ್ಯಾಸಂಸ್ಥೆಗಳಿಗಾಗಿ. ಮುಂಬಯಿಯಲ್ಲಿ ನಮ್ಮವರ ಮಕ್ಕಳು ಸೇರುವುದು ಬಹುಮಟ್ಟಿಗೆ ಖಾಸಗಿ ಕಾಲೇಜುಗಳನ್ನು.

ಎಲ್ಲಕ್ಕಿಂತ ಮಿಗಿಲಾಗಿ ಜಾಗದ ಪ್ರಶ್ನೆ. 1982ರ ಮುಷ್ಕರದ ನಂತರ ಒಂದೊಂದಾಗಿ ಮುಚ್ಚಿದ ಗಿರಣಿಗಳ ಕಾರ್ಮಿಕರ ಮೊಮ್ಮಕ್ಕಳು ಇಂದು ಬಿ.ಕಾಂ., ಬಿ.ಎಸ್ಸಿ. ಓದುತ್ತಿದ್ದಾರೆ, ಹಲವರ ಮನೆ ಮಾತ್ರ ಅದೇ ಚಾಳಿನ ಒಂದೇ ಖೋಲಿ. ಅಲ್ಲಿ ಅಡುಗೆ, ಅಲ್ಲೇ ಟಿ.ವಿ., ಅಲ್ಲೇ ರಾತ್ರಿಪಾಳಿ ಮುಗಿಸಿ ಬಂದ ತಂದೆಯ ನಿದ್ದೆ. ಅಕ್ಕ ಆನ್‌ಲೈನ್ ಪಾಠ ಕೇಳುವಾಗ ತಮ್ಮ ಓದುವುದೆಲ್ಲಿ? ಮೊಬೈಲಿನಲ್ಲಿ ಪುಸ್ತಕ ಸಿಕ್ಕೀತು. ಮೇಜು, ಕುರ್ಚಿ, ದೀಪ, ನಿಶ್ಶಬ್ದ ಸಿಗವು.

ವಾಚನಾಲಯಕ್ಕೆ ಯಾರೂ ಬರುವುದಿಲ್ಲ ಎಂಬ ದೂರೂ ಉಂಟು. ಅದು ತೆರೆದಿರುವುದು ಸಂಜೆ ಆರರಿಂದ ಎಂಟರವರೆಗೆ. ಆಗ ಹೋಟೆಲಿನವನು ಗಿರಾಕಿಗಳ ನಡುವೆ, ವಿದ್ಯಾರ್ಥಿ ತರಗತಿಯಲ್ಲಿ. ಬರಬೇಕಾದವರು ಯಾರು?

ರಾತ್ರಿ ಎಂಟರಿಂದ ಹನ್ನೆರಡರವರೆಗೂ, ರಜಾದಿನ ಇಡೀ ಹಗಲೂ ಕೋಣೆ ತೆರೆದಿರಲಿ. ಹಳೆಯ ವಾರಪತ್ರಿಕೆಗಳ ಕಟ್ಟುಗಳನ್ನು ತೆಗೆದು ಈಗಿನ ಪಠ್ಯಪುಸ್ತಕಗಳ ಎರಡೆರಡು ಪ್ರತಿ ಇಡಲಿ. ಒಂದು ವೈಫೈ, ಒಂದು ಜೆರಾಕ್ಸ್ ಯಂತ್ರ ಬರಲಿ. ಖರ್ಚಿಗೆ ವಾರ್ಷಿಕೋತ್ಸವದ ಭೋಜನದಲ್ಲಿ ಒಂದು ಸಿಹಿ ಕಡಿಮೆಯಾದರೆ ಹಸಿದು ಹೋಗುವವರು ಯಾರೂ ಇಲ್ಲ.

ಮಹಾಸಭೆಗೆ ಬರುವ ಸದಸ್ಯರು ಕಾಲೇಜಿಗೆ ಹೋಗುವ ತಮ್ಮ ಮಕ್ಕಳನ್ನೂ ಕರೆತರಬೇಕೆಂದು ಕೋರುತ್ತೇವೆ. ಕೈಯೆತ್ತುವ ಮುನ್ನ ಅವರನ್ನು ಒಂದು ಮಾತು ಕೇಳಿರಿ.