ಮುಂಗೈಯ ಊತ ರೋಗದ ತೀರ್ಪಲ್ಲ

ಮಹಾನಗರಗಳಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಕ್ಷಯವೆಂಬ ಹೆಸರನ್ನು ಇಂದಿಗೂ ತಗ್ಗಿದ ದನಿಯಲ್ಲೇ ಉಚ್ಚರಿಸುವುದುಂಟು. ಮಾಂಟೂ ಪರೀಕ್ಷೆಗಾಗಿ ಚುಚ್ಚಿದ ಮುಂಗೈ ಊದಿಕೊಂಡಿತೆಂದರೆ ಸಾಕು, ಮನೆಮಂದಿ ಕಂಗಾಲಾಗುತ್ತಾರೆ. ಹೆಣ್ಣುಮಗಳಾದರೆ ಮದುವೆಯ ಮಾತುಕತೆಯೂ ಮುರಿದುಬೀಳಬಹುದು. ಆ ಊತ ನಿಜಕ್ಕೂ ಹೇಳುವುದೇನೆಂಬುದನ್ನು ಅರಿತರೆ ಈ ಭೀತಿ ಎಷ್ಟು ಅನಗತ್ಯವೆಂಬುದು ತಿಳಿದೀತು.

ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ 1882ರಲ್ಲಿ ಜಗತ್ತಿಗೆ ತೋರಿಸಿಕೊಟ್ಟನು. 1890ರಲ್ಲಿ ಅದರಿಂದ ತೆಗೆದ ಟ್ಯೂಬರ್‌ಕ್ಯುಲಿನ್ ಎಂಬ ಸಾರವನ್ನು ಮದ್ದೆಂದು ಮುಂದಿಟ್ಟನು. ಮದ್ದಾಗಿ ಅದು ಸೋತಿತು. ಪರೀಕ್ಷೆಯ ಸಾಧನವಾಗಿ ಉಳಿಯಿತು. ಇಂದಿನ ಪರೀಕ್ಷೆಯಲ್ಲಿ ಬಳಸುವುದು ಅದರ ಶುದ್ಧೀಕರಿಸಿದ ರೂಪವನ್ನು. ಅದರಲ್ಲಿರುವುದು ರೋಗಾಣುವಿನ ಸಸಾರಜನಕಗಳು, ಅರ್ಥಾತ್ ಪ್ರೋಟೀನುಗಳು. ಹಿಂದೊಮ್ಮೆ ರೋಗಾಣುವನ್ನು ಎದುರಿಸಿದ ದೇಹದಲ್ಲಿ ಟಿ-ಕಣಗಳೆಂಬ ಬಿಳಿ ರಕ್ತಕಣಗಳು ಆ ಪ್ರೋಟೀನುಗಳ ಗುರುತನ್ನು ಇಟ್ಟುಕೊಂಡಿರುತ್ತವೆ. ಚುಚ್ಚಿದ ಜಾಗಕ್ಕೆ ಅವು ಧಾವಿಸುವುದರಿಂದಲೇ ಎರಡು ಮೂರು ದಿನಗಳಲ್ಲಿ ಚರ್ಮ ಗಡುಸಾಗಿ ಊದುವುದು. ಇದು ದೇಹದ ನೆನಪು, ರೋಗದ ಪ್ರಮಾಣಪತ್ರವಲ್ಲ. ಹಳೆಯ ಲೆಡ್ಜರಿನಲ್ಲಿ ಹೆಸರಿದ್ದ ಮಾತ್ರಕ್ಕೆ ಸಾಲ ಬಾಕಿಯಿದೆಯೆಂದು ಯಾವ ಲೆಕ್ಕಿಗನೂ ಬರೆಯಲಾರನು. ಸೋಂಕು ತಗುಲಿದ 100 ಜನರಲ್ಲಿ ಸುಮಾರು 90 ಮಂದಿಗೆ ಜೀವಮಾನದಲ್ಲಿ ಕ್ಷಯ ಬರುವುದೇ ಇಲ್ಲ.

ಇನ್ನೊಂದು ತೊಡಕೂ ಉಂಟು. 1921ರಿಂದ ಬಳಕೆಯಲ್ಲಿರುವ ಬಿ.ಸಿ.ಜಿ. ಲಸಿಕೆಯ ರೋಗಾಣುವಿನಲ್ಲಿಯೂ ಇವೇ ಪ್ರೋಟೀನುಗಳು ಬಹಳಷ್ಟಿವೆ. ಆದ್ದರಿಂದ ಲಸಿಕೆ ಹಾಕಿಸಿಕೊಂಡವನ ಕೈಯೂ ಊದಬಹುದು. ಆದರೆ ಇಸ್ಯಾಟ್-6, ಸಿ.ಎಫ್.ಪಿ.-10 ಎಂಬೆರಡು ಪ್ರೋಟೀನುಗಳು ಲಸಿಕೆಯ ರೋಗಾಣುವಿನಲ್ಲಿ ಇಲ್ಲ. ಇವನ್ನೇ ಆಧರಿಸಿದ ಹೊಸ ಪರೀಕ್ಷೆಗಳು ಲಸಿಕೆಯಿಂದ ದಾರಿ ತಪ್ಪುವುದಿಲ್ಲ. ಆದರೂ ಅವು ಹೇಳುವುದು ಸೋಂಕಿನ ಮಾತನ್ನು ಮಾತ್ರ. ಇತ್ತ, ದೇಹ ತೀರ ಬಳಲಿದಾಗ ಕ್ಷಯವಿದ್ದೂ ಕೈ ಊದದಿರಬಹುದು. ರಕ್ತದಲ್ಲಿನ ಪ್ರತಿಕಾಯಗಳನ್ನು ಹುಡುಕಿ ಕ್ಷಯವನ್ನು ನಿರ್ಣಯಿಸುವ ಪರೀಕ್ಷೆಗಳಂತೂ ನಂಬಲರ್ಹವಲ್ಲವೆಂದು ಭಾರತ ಸರಕಾರ 2012ರಲ್ಲಿ ಅವನ್ನು ನಿಷೇಧಿಸಿತು.

ಹಾಗೆಂದು ಊತವನ್ನು ಅಲಕ್ಷಿಸಬೇಕೆಂದಲ್ಲ. ಎಳೆಯ ಮಕ್ಕಳು, ರೋಗಿಯೊಡನೆ ಒಂದೇ ಮನೆಯಲ್ಲಿರುವವರು, ನಿರೋಧಶಕ್ತಿ ಕುಂದಿದವರು ವೈದ್ಯರ ಸಲಹೆಯಂತೆ ಮುನ್ನೆಚ್ಚರಿಕೆಯ ಔಷಧ ಪಡೆಯುವುದು ಯುಕ್ತ. ಆದರೆ ಶ್ವಾಸಕೋಶದ ಕ್ಷಯಕ್ಕೆ ತೀರ್ಪು ಕೊಡಬೇಕಾದುದು ಮುಖ್ಯವಾಗಿ ಕಫವೇ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕದ ಇಳಿತ ಕಂಡಾಗ ದುಬಾರಿ ಪರೀಕ್ಷೆಗಳ ಬೆನ್ನು ಹತ್ತದೆ ಸರಕಾರಿ ಕೇಂದ್ರದಲ್ಲಿ ಕಫವನ್ನು ಪರೀಕ್ಷಿಸಿಕೊಳ್ಳಬೇಕು. ಅಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಪೋಷಣೆಗೆಂದು ರೋಗಿಗೆ ಕೊಡುವ ಮಾಸಿಕ ನೆರವು 2024ರ ನವೆಂಬರಿನಿಂದ 500 ರೂಪಾಯಿಗಳಿಂದ 1000 ರೂಪಾಯಿಗಳಿಗೆ ಏರಿದೆ.

ಸಾಮಾನ್ಯ ಕ್ಷಯ ಆರು ತಿಂಗಳ ಔಷಧದಿಂದ ಗುಣವಾಗುತ್ತದೆ. ಹೋಟೆಲಿನ ಕೋಣೆಯಲ್ಲಿ ಹತ್ತು ಜನರೊಡನೆ ಮಲಗುವ ಹುಡುಗ ಕೆಮ್ಮಿದರೆ ಅವನನ್ನು ಗುಟ್ಟಾಗಿ ಊರಿನ ಬಸ್ಸು ಹತ್ತಿಸುವುದು ಪರಿಹಾರವಲ್ಲ. ಚಿಕಿತ್ಸೆ ನಡುವೆ ಕಡಿದರೆ ರೋಗಾಣು ಔಷಧಕ್ಕೆ ಬಗ್ಗದಂತಾದೀತು. ಅವನನ್ನು ಪರೀಕ್ಷೆಗೆ ಕರೆದೊಯ್ದು, ಚಿಕಿತ್ಸೆ ಮುಗಿಯುವವರೆಗೆ ಕೆಲಸವನ್ನು ಕಾದಿರಿಸಿಕೊಡುವುದು ಸಂಘಜೀವನದ ನಿಜವಾದ ಸೇವೆ.