ಬೂದಿಗೆ ಲೆಕ್ಕವಿದೆ, ಬಾವಿಗೆ?

ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲ ಘಟಕ ಶಕ್ತಿನಗರದಲ್ಲಿ ಕೆಲಸ ಆರಂಭಿಸಿದ್ದು 1985ರಲ್ಲಿ. ಈಗ ಎಂಟು ಘಟಕಗಳು, 1,720 ಮೆಗಾವಾಟ್ ಸಾಮರ್ಥ್ಯ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಶೇ 30ರಿಂದ 45ರಷ್ಟು ಬೂದಿಯೇ. ಮೂರು ವ್ಯಾಗನ್ ಕಲ್ಲಿದ್ದಲು ಬಂದರೆ ಸುಮಾರು ಒಂದು ವ್ಯಾಗನ್ನಿನಷ್ಟು ಬೂದಿ ಇಲ್ಲೇ ಉಳಿಯುತ್ತದೆ. ನಾಲ್ಕು ದಶಕಗಳಿಂದ ಇದೇ ನಡೆದಿದೆ.

ಗಾಳಿಗೆ ಏಳುವ ಬೂದಿಗೆ ಸಾಕ್ಷಿಗಳು ಬೇಕಿಲ್ಲ. ಒಣಹಾಕಿದ ಬಟ್ಟೆ, ತೊಗರಿ ಎಲೆ, ನೀರಿನ ತೊಟ್ಟಿಯೇ ಹೇಳುತ್ತವೆ. ಅದಕ್ಕಾಗಿ ರಸ್ತೆ ತಡೆದರೆ ಟ್ಯಾಂಕರ್ ಬಂದು ನೀರು ಚಿಮುಕಿಸಿ ಹೋಗುತ್ತದೆ. ನೆಲದೊಳಗೆ ಇಳಿಯುವುದಕ್ಕೆ ಹೀಗೆ ಸಾಕ್ಷಿ ಸಿಗುವುದಿಲ್ಲ. ಬೂದಿಯನ್ನು ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಹೊಂಡಕ್ಕೆ ಬಿಡುವುದು ಹಳೆಯ ಪದ್ಧತಿ. ಕಲ್ಲಿದ್ದಲಿನಲ್ಲಿ ಅಲ್ಪಸ್ವಲ್ಪವಿದ್ದ ಆರ್ಸೆನಿಕ್, ಸೀಸ, ಕ್ರೋಮಿಯಂ, ಸೆಲೆನಿಯಂ ಉರಿದ ಮೇಲೆ ಬೂದಿಯಲ್ಲಿ ಸಾಂದ್ರವಾಗುತ್ತವೆ. ಹೊಂಡದ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿಲ್ಲದಿದ್ದರೆ, ಮೇಲೆ ನಿಂತ ನೀರಿನ ಒತ್ತಡವೇ ಇವನ್ನು ಕೆಳಕ್ಕೆ ತಳ್ಳುತ್ತದೆ.

ಹಾರುಬೂದಿ ಕುರಿತು ಕೇಂದ್ರ ಸರ್ಕಾರ 1999ರಿಂದ ಅಧಿಸೂಚನೆ ಹೊರಡಿಸುತ್ತಲೇ ಇದೆ. 2021ರ ಡಿಸೆಂಬರ್ 31ರ ಅಧಿಸೂಚನೆ ಅವುಗಳಲ್ಲೆಲ್ಲ ಬಿಗಿಯಾದದ್ದು: ಬೂದಿ ಪೂರ್ತಿ ಬಳಕೆಯಾಗಬೇಕು, ಹಳೆಯ ದಾಸ್ತಾನು ಹತ್ತು ವರ್ಷದಲ್ಲಿ ಕರಗಬೇಕು, ತಪ್ಪಿದರೆ ಟನ್ನಿಗೆ 1,000 ರೂಪಾಯಿ ದಂಡ. ಆದರೆ ‘ಬಳಕೆ’ ಎಂದರೇನು? ಸಿಮೆಂಟ್, ಇಟ್ಟಿಗೆಯ ಜೊತೆಗೆ ತಗ್ಗು ಜಾಗ ತುಂಬುವುದು, ಖಾಲಿ ಗಣಿಗೆ ಸುರಿಯುವುದು ಕೂಡ ಅದೇ ಪಟ್ಟಿಯಲ್ಲಿದೆ. ಸಿಮೆಂಟಿಗೆ ಸೇರಿದ ಬೂದಿ ಗಟ್ಟಿಯಾಗಿ ಕೂರುತ್ತದೆ. ತಗ್ಗಿಗೆ ಸುರಿದದ್ದು ಒಂದೂರಿನ ಕಾಟವನ್ನು ಇನ್ನೊಂದೂರಿಗೆ ದಾಟಿಸಿದಂತೆ. ಮಾರ್ಗಸೂಚಿ ಪಾಲಿಸಬೇಕೆಂಬ ಷರತ್ತು ಕಾಗದದಲ್ಲಿದೆ, ಇರಲಿ. ಮೇಲೆ ಹಸಿರು ಬೆಳೆಸಿ ‘ಸ್ಥಿರಗೊಳಿಸಿದ’ ಹೊಂಡಗಳಿಗೆ ಹತ್ತು ವರ್ಷದ ಗಡುವೂ ಇಲ್ಲ. ಮೇಲೆ ಮರ ಬೆಳೆದ ಮಾತ್ರಕ್ಕೆ ತಳದಲ್ಲಿ ಹಾಳೆ ಹಾಸಿದಂತೆ ಆಗುವುದಿಲ್ಲವಲ್ಲ!

ಒಟ್ಟಿನಲ್ಲಿ ಕಾನೂನು ತೂಗುವುದು ಬೂದಿಯನ್ನು. ನೀರು ಏನಾಯಿತು ಎಂಬ ಪ್ರಶ್ನೆ ಸ್ಥಾವರದ ಪರಿಸರ ಅನುಮತಿಯ ಷರತ್ತುಗಳಲ್ಲೆಲ್ಲೋ ಹುದುಗಿರುತ್ತದೆ. ಸುತ್ತಲಿನ ಅಂತರ್ಜಲ ಪರೀಕ್ಷಿಸಿ ಆರು ತಿಂಗಳಿಗೊಮ್ಮೆ ವರದಿ ಕೊಡಬೇಕು ಎಂದು ಅಲ್ಲಿ ಬರೆದಿರುತ್ತದೆ. ಮಾದರಿ ತೆಗೆಸುವುದು ಸ್ಥಾವರ, ವರದಿ ಬರೆಸುವುದೂ ಸ್ಥಾವರ.

ರಾಯಚೂರಿನಲ್ಲಿ ಇನ್ನೊಂದು ತೊಡಕಿದೆ. ಇಲ್ಲಿನ ಅಂತರ್ಜಲದಲ್ಲಿ ಫ್ಲೋರೈಡ್ ಮೊದಲಿನಿಂದಲೂ ಹೆಚ್ಚು; ಹಟ್ಟಿಯ ಚಿನ್ನದ ಶಿಲೆಗಳ ಕಡೆ ಆರ್ಸೆನಿಕ್ ಕೂಡ ಇದೆ. ಹೀಗಾಗಿ ಕೊಳವೆಬಾವಿ ಕೆಟ್ಟಿತೆಂದು ರೈತ ಹೇಳಿದರೆ ‘ಅದು ನೆಲದ ಗುಣ’ ಎಂಬ ಉತ್ತರ ಸಿದ್ಧವಿರುತ್ತದೆ. ಆ ಉತ್ತರ ಕೆಲವೊಮ್ಮೆ ನಿಜವೂ ಆಗಿರಬಹುದು. ಬಗೆಹರಿಸುವ ದಾರಿ ವಿಜ್ಞಾನದಲ್ಲಿ ಇದೆ. ಬೂದಿ ಹೊಂಡದಿಂದ ಸೋರುವ ನೀರಿನಲ್ಲಿ ಬೋರಾನ್ ಮತ್ತು ಸಲ್ಫೇಟ್ ಮೊದಲು ಮುಂದಕ್ಕೆ ಸಾಗುತ್ತವೆ. ಅಂತರ್ಜಲ ಹರಿದು ಬರುವ ದಿಕ್ಕಿನಲ್ಲಿ ಒಂದು, ಹರಿದು ಹೋಗುವ ದಿಕ್ಕಿನಲ್ಲಿ ಮೂರು ಪರೀಕ್ಷಾ ಬಾವಿ ಕೊರೆದು ಇವೆರಡನ್ನು ವರ್ಷಗಟ್ಟಲೆ ಅಳೆದರೆ, ನೆಲದ ಗುಣ ಯಾವುದು, ಹೊಂಡದ ಸೋರಿಕೆ ಯಾವುದು ಎಂದು ಬೇರ್ಪಡಿಸುವುದು ಬಹಳ ಸುಲಭವಾಗುತ್ತದೆ.

ಈ ಒಂದು-ಮೂರರ ಲೆಕ್ಕ ಅಮೆರಿಕದ 2015ರ ಕಲ್ಲಿದ್ದಲು ಬೂದಿ ನಿಯಮದಲ್ಲಿ ಕನಿಷ್ಠ ಅಗತ್ಯ. 2008ರಲ್ಲಿ ಟೆನೆಸ್ಸಿಯ ಕಿಂಗ್‌ಸ್ಟನ್‌ನಲ್ಲಿ ಬೂದಿ ಹೊಂಡ ಒಡೆದು ನದಿ ಸೇರಿದ ಮೇಲೆ ಬಂದ ನಿಯಮವದು. ಫಲಿತಾಂಶವನ್ನು ಕಂಪನಿಯ ಜಾಲತಾಣದಲ್ಲೇ ಹಾಕಬೇಕೆಂದೂ ಅದು ಹೇಳಿತು. ಆ ಅಂಕಿಗಳನ್ನು ಪರಿಸರ ಸಂಘಟನೆಗಳು ಒಟ್ಟುಗೂಡಿಸಿದಾಗ, 2019ರಲ್ಲಿ, ದತ್ತಾಂಶ ಕೊಟ್ಟ ಸ್ಥಾವರಗಳ ಪೈಕಿ ಶೇ 91ರಷ್ಟರ ಸುತ್ತ ಅಂತರ್ಜಲ ಸುರಕ್ಷಿತ ಮಿತಿ ದಾಟಿತ್ತು. ಅಳೆದು ಬಹಿರಂಗಪಡಿಸಲೇಬೇಕೆಂದ ಕಾರಣಕ್ಕೆ ಇದು ತಿಳಿಯಿತು. ನಮ್ಮಲ್ಲಿ ಬೂದಿ ಅದಕ್ಕಿಂತ ಒಳ್ಳೆಯ ನಡತೆಯದು ಎಂದುಕೊಳ್ಳಲು ಕಾರಣ ಕಾಣೆ.

ಅಳೆಯದಿದ್ದರೆ ಏನಾಗುತ್ತದೆ ಎಂಬುದು ಉಡುಪಿ ಜಿಲ್ಲೆಯ ಎಲ್ಲೂರಿಗೆ ಗೊತ್ತು. ಮುರಕಲ್ಲಿನ ನೆಲ, ಮನೆಗೊಂದು ಬಾವಿ. ನೀರು ಬೇಗ ಇಂಗುತ್ತದೆ, ಇಂಗಿದ್ದು ಬೇಗ ಬಾವಿಗೆ ಬರುತ್ತದೆ. ಅಲ್ಲಿನ ಉಷ್ಣ ವಿದ್ಯುತ್ ಸ್ಥಾವರ 2010ರಲ್ಲಿ ಶುರುವಾದ ಬೆನ್ನಿಗೇ ಬಾವಿ ನೀರು ಉಪ್ಪಾಯಿತು, ಮಲ್ಲಿಗೆ ಗಿಡ ಸೊರಗಿತು ಎಂಬ ದೂರುಗಳೆದ್ದವು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಪರಿಸರ ಹಾನಿಗೆ ಸುಮಾರು 52 ಕೋಟಿ ರೂಪಾಯಿ ನಿಗದಿಪಡಿಸಿದ್ದು 2022ರಲ್ಲಿ. ಅಷ್ಟು ವರ್ಷ ಹಾನಿಯನ್ನು ಸಾಬೀತು ಮಾಡುವ ಹೊರೆ ಬಾವಿಯ ಒಡೆಯರ ತಲೆಯ ಮೇಲಿತ್ತು.

2025ರ ಜುಲೈನಲ್ಲಿ ಬಂದ ಕಲುಷಿತ ತಾಣಗಳ ನಿರ್ವಹಣಾ ನಿಯಮಗಳು, ಮಾಲಿನ್ಯ ಮಾಡಿದವರೇ ಶುದ್ಧೀಕರಣದ ಖರ್ಚು ಕೊಡಬೇಕೆನ್ನುತ್ತವೆ. ಒಳ್ಳೆಯದೇ. ಆದರೆ ಗಣಿಗಾರಿಕೆಯ ಮಾಲಿನ್ಯವನ್ನು ಬೇರೆ ಕಾನೂನು ನೋಡಿಕೊಳ್ಳುತ್ತದೆಂದು ಹೊರಗಿಟ್ಟಿವೆ. ಕಲ್ಲಿದ್ದಲು ಗಣಿಗಳ ಸುತ್ತಲಿನ ಊರುಗಳಿಗೆ ಇದರಿಂದ ಹೆಚ್ಚೇನೂ ದಕ್ಕದು. ಮಿಕ್ಕ ಕಡೆಯೂ ಮಾಲಿನ್ಯವನ್ನು ಮೊದಲು ಯಾರಾದರೂ ಪತ್ತೆ ಮಾಡಬೇಕು.

ಶಕ್ತಿನಗರದ ಕೇಂದ್ರ ಕರ್ನಾಟಕ ವಿದ್ಯುತ್ ನಿಗಮದ್ದು, ನಿಗಮ ರಾಜ್ಯ ಸರ್ಕಾರದ್ದು. ಹೊಂಡದ ಸುತ್ತ ಪರೀಕ್ಷಾ ಬಾವಿ ಕೊರೆಸಲು, ಸ್ಥಾವರದ ಹಂಗಿಲ್ಲದ ಪ್ರಯೋಗಾಲಯದಿಂದ ಮಾದರಿ ತೆಗೆಸಲು, ಮೂರು ತಿಂಗಳಿಗೊಮ್ಮೆ ಫಲಿತಾಂಶವನ್ನು ಗ್ರಾಮ ಪಂಚಾಯಿತಿ ಗೋಡೆಗೆ ಕನ್ನಡದಲ್ಲಿ ಅಂಟಿಸಲು ದೆಹಲಿಯ ಅಪ್ಪಣೆ ಬೇಕಿಲ್ಲ. ಇಂಧನ ಇಲಾಖೆಯ ಒಂದು ಆದೇಶ ಸಾಕು. ಬಳ್ಳಾರಿಯ ಕುಡತಿನಿ, ರಾಯಚೂರಿನ ಯರಮರಸ್ ವಿದ್ಯುತ್ ಕೇಂದ್ರಗಳಿಗೂ ಅದೇ ಆದೇಶವನ್ನು ಅನ್ವಯಿಸಬಹುದು.